ಟಾನ್ಸಿಲ್ ಆಪರೇಷನ್: ಯಂತ್ರದ ಹೆಸರು ಕೇಳುವ ಮೊದಲು ಏಳನೇ ದಿನದ ಲೆಕ್ಕ ಹಾಕಿ

ಐಗಳಿ, ಅಥಣಿ, ಕಾಗವಾಡದ ಕಡೆಯವರು ಮಿರಜ–ಸಾಂಗಲಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿ–ರಾಯಬಾಗದವರು ಬಹುತೇಕ ಬೆಳಗಾವಿಗೆ. ದೊಡ್ಡ ಕಾಯಿಲೆಗೆ ಈ ಭಾಗದ ದಾರಿಗಳು ಹೀಗೆ ಕವಲೊಡೆಯುತ್ತವೆ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ಗಡಿ ದಾಟಿ ಚಿಕಿತ್ಸೆಗೆ ಹೋಗುವುದು ನಮಗೆ ಹೊಸದಲ್ಲ. ಹೊಸದಾಗಿರುವುದು, ಮಗುವಿನ ಟಾನ್ಸಿಲ್ ತೆಗೆಸಲು ಹೊರಟ ಮನೆಯವರು ಮೊದಲು ಕೇಳುವ ಪ್ರಶ್ನೆ: ‘ಲೇಸರ್ ಐತೇನ್ರಿ?’ ಐತಿ ಅಂದರೆ ಸಮಾಧಾನ, ಇಲ್ಲ ಅಂದರೆ ಮುಂದಿನ ಆಸ್ಪತ್ರೆ. ಲೇಸರ್ ಎಂಬ ಮಾತು ನಮ್ಮಲ್ಲಿ ವೈರು ಜೋಡಿಸಿದ ಎಲ್ಲ ಉಪಕರಣಗಳಿಗೂ ಅಂಟಿಕೊಂಡಿದೆ. ಹಾಗೆ ಕರೆಯುವವುಗಳಲ್ಲಿ ಹೆಚ್ಚಿನವು ಲೇಸರ್ ಅಲ್ಲವೇ ಅಲ್ಲ. ಹೆಸರಿನ ತಪ್ಪನ್ನು ಕ್ಷಮಿಸಬಹುದು. ಅದರ ಹಿಂದಿರುವ ‘ಯಂತ್ರದಿಂದ ಮಾಡಿದರೆ ರಕ್ತ ಬರುವುದಿಲ್ಲ’ ಎಂಬ ನಂಬಿಕೆಯನ್ನು ಮಾತ್ರ ತಿದ್ದಲೇಬೇಕು, ಅದರಿಂದ ಜೀವಕ್ಕೆ ಅಪಾಯವಿದೆ.

ಮೊದಲ ಹೆಜ್ಜೆ ಆಸ್ಪತ್ರೆಯಲ್ಲಿ ಅಲ್ಲ, ಮನೆಯ ಕ್ಯಾಲೆಂಡರಿನ ಮೇಲೆ ನಡೆಯಬೇಕು. ಮಗುವಿಗೆ ಗಂಟಲು ಬೇನೆ, ಜ್ವರ ಬಂದ ದಿನಗಳನ್ನು ಗುರುತು ಹಾಕಿ. ಅಮೆರಿಕದ ವೈದ್ಯ ಪ್ಯಾರಡೈಸ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದ ಅಳತೆಗೋಲನ್ನೇ ಇಂದಿಗೂ ವೈದ್ಯರು ಹಿಡಿಯುತ್ತಾರೆ: ಒಂದು ವರ್ಷದಲ್ಲಿ 7 ಸಲ, ಅಥವಾ ಸತತ 2 ವರ್ಷ ವರ್ಷಕ್ಕೆ 5 ಸಲ, ಅಥವಾ ಸತತ 3 ವರ್ಷ ವರ್ಷಕ್ಕೆ 3 ಸಲ. ಅದೂ ಜ್ವರ, ಕುತ್ತಿಗೆಯ ಗಂಟು, ಟಾನ್ಸಿಲ್ ಮೇಲೆ ಕೀವು ಇಂಥ ಲಕ್ಷಣಗಳೊಂದಿಗೆ, ವೈದ್ಯರ ಚೀಟಿಯಲ್ಲಿ ದಾಖಲಾದವು. ಇದಕ್ಕಿಂತ ಕಡಿಮೆ ಇದ್ದರೆ ಕಾಯಬಹುದು, ಎಷ್ಟೋ ಮಕ್ಕಳಲ್ಲಿ ವಯಸ್ಸಾದಂತೆ ಕಾಟ ತಾನಾಗಿ ಇಳಿಯುತ್ತದೆ. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ನಿಂತು ನಿಂತು ಬರುವ ಮಗುವಿನ ಮಾತು ಬೇರೆ, ಅಲ್ಲಿ ಈ ಎಣಿಕೆ ಬೇಕಿಲ್ಲ. ರಕ್ತಪರೀಕ್ಷೆಯಲ್ಲಿ ಎ.ಎಸ್.ಒ. ಅಂಕಿ ಹೆಚ್ಚು ಬಂತು ಎಂಬ ಒಂದೇ ಕಾರಣಕ್ಕೆ ಗಂಟಲು ಕೊಯ್ಯಿಸುವುದು ತಪ್ಪು. ಸ್ಟ್ರೆಪ್ಟೊಕಾಕಸ್ ಸೋಂಕು ಹಿಂದೊಮ್ಮೆ ಬಂದು ಹೋಗಿದೆ ಎಂದಷ್ಟೇ ಆ ಅಂಕಿ ಹೇಳುತ್ತದೆ.

ಆಪರೇಷನ್ ಬೇಕೆಂದು ತೀರ್ಮಾನವಾದ ಮೇಲೆ ಉಪಕರಣದ ಮಾತು. ಟಾನ್ಸಿಲ್ ಒಂದು ತೆಳು ಪೊರೆಯೊಳಗೆ ಕೂತಿರುತ್ತದೆ, ಪೊರೆಯ ಹಿಂದೆ ಗಂಟಲಿನ ಸ್ನಾಯು ಇರುತ್ತದೆ. ಯಾವ ವಿಧಾನವಾದರೂ ಕೆಲಸ ನಡೆಯುವುದು ಈ ಎರಡರ ನಡುವಿನ ಸಂದಿನಲ್ಲೇ. ಹಳೆಯ ವಿಧಾನದಲ್ಲಿ ಕತ್ತರಿ, ಇಕ್ಕಳ ಮತ್ತು ಮೊಂಡು ತುದಿಯ ಉಪಕರಣದಿಂದ ಟಾನ್ಸಿಲನ್ನು ಸುಲಿದು, ಬುಡಕ್ಕೆ ತಂತಿಯ ಕುಣಿಕೆ ಹಾಕಿ ಬಿಡಿಸುತ್ತಾರೆ. ರಕ್ತನಾಳವನ್ನು ದಾರದಿಂದ ಕಟ್ಟುತ್ತಾರೆ. ಇದಕ್ಕೆ ಹೊತ್ತು ಹೆಚ್ಚು ಬೇಕು, ಮೇಜಿನ ಮೇಲೆ ರಕ್ತವೂ ಹೆಚ್ಚು ಹೋಗುತ್ತದೆ. ಡಯಾಥರ್ಮಿ ವಿದ್ಯುತ್ತಿನಿಂದ ಸುಟ್ಟು ಕೊಯ್ಯುವ ಉಪಕರಣ. ತುದಿಯಲ್ಲಿ 400 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿ ನಾಳಗಳನ್ನು ಅಲ್ಲೇ ಮುಚ್ಚಿಬಿಡುತ್ತದೆ, ಕೆಲಸ ಬೇಗ ಮುಗಿಯುತ್ತದೆ, ಆದರೆ ಸುತ್ತಲಿನ ಸ್ನಾಯು ಬೆಂದು ನೋವು ಹೆಚ್ಚುತ್ತದೆ. ನಮ್ಮಲ್ಲಿ ‘ಲೇಸರ್’ ಎಂದು ಕರೆಯುವುದು ಹೆಚ್ಚಾಗಿ ಕೋಬ್ಲೇಷನ್ ಎಂಬ ವಿಧಾನವನ್ನು. ಉಪ್ಪುನೀರಿನ ಮೂಲಕ ರೇಡಿಯೊ ತರಂಗದ ವಿದ್ಯುತ್ ಹಾಯಿಸಿ, 40ರಿಂದ 70 ಡಿಗ್ರಿಯಷ್ಟು ಕಡಿಮೆ ಶಾಖದಲ್ಲೇ ಮಾಂಸವನ್ನು ಕರಗಿಸುವುದು ಇದರ ಬಗೆ. ಹಾರ್ಮೋನಿಕ್ ಎಂಬ ಇನ್ನೊಂದು ಉಪಕರಣದ ಅಲಗು ಸೆಕೆಂಡಿಗೆ ಸುಮಾರು 55 ಸಾವಿರ ಸಲ ಕಂಪಿಸಿ ಕೊಯ್ಯುತ್ತದೆ. ನಿಜವಾದ ಲೇಸರ್ ಈಗ ಈ ಕೆಲಸಕ್ಕೆ ಅಪರೂಪ.

ಇವುಗಳಲ್ಲಿ ಯಾವುದು ಮೇಲು? ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ 2003–04ರಲ್ಲಿ 33,921 ರೋಗಿಗಳ ಲೆಕ್ಕವನ್ನು ಇದನ್ನು ತಿಳಿಯಲೆಂದೇ ಇಟ್ಟರು. ಒಟ್ಟಾರೆ ನೂರಕ್ಕೆ 3.5 ಮಂದಿಗೆ ಆಪರೇಷನ್ ಆದ ಮೇಲೆ ರಕ್ತಸ್ರಾವವಾಯಿತು, ಸುಮಾರು 0.9 ಮಂದಿಯನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ಯಬೇಕಾಯಿತು. ಬರೀ ಕತ್ತರಿ–ದಾರದ ಹಳೆಯ ವಿಧಾನದಲ್ಲೇ ರಕ್ತಸ್ರಾವ ಅತಿ ಕಡಿಮೆ. ಡಯಾಥರ್ಮಿ ಮತ್ತು ಕೋಬ್ಲೇಷನ್‌ನಿಂದ ಕೊಯ್ದವರಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಮೇಜಿನ ಮೇಲೆ ರಕ್ತ ಕಾಣದಂತೆ ಮಾಡುವ ಯಂತ್ರ, ಮನೆಗೆ ಹೋದ ಮೇಲೆ ರಕ್ತ ಬರದಂತೆ ಮಾಡುತ್ತದೆ ಎನ್ನಲು ಬರುವುದಿಲ್ಲ. ಅದೇ ಇಂಗ್ಲೆಂಡ್ 2001ರ ಜನವರಿಯಲ್ಲಿ ಸೋಂಕಿನ ಭಯಕ್ಕೆ ಟಾನ್ಸಿಲ್ ಆಪರೇಷನ್ನಿಗೆ ಒಮ್ಮೆ ಬಳಸಿ ಬಿಸಾಡುವ ಉಪಕರಣಗಳನ್ನು ತಂದಿತ್ತು. ರಕ್ತಸ್ರಾವದ ತೊಂದರೆ ಹೆಚ್ಚಿದ್ದರಿಂದ ಅದೇ ಡಿಸೆಂಬರಿನಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು. ಹೊಸದೆಂಬ ಕಾರಣಕ್ಕೆ ಯಾವುದೂ ಸುರಕ್ಷಿತವಾಗುವುದಿಲ್ಲ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡರಲ್ಲೂ ಹುರುಳಿದೆ. ಆ ಲೆಕ್ಕ ಇಪ್ಪತ್ತು ವರ್ಷದ ಹಿಂದಿನದು, ಆಗ ಕೋಬ್ಲೇಷನ್ ಹೊಸದು, ವೈದ್ಯರ ಕೈ ಪಳಗಿರಲಿಲ್ಲ ಎನ್ನುವುದು ಒಂದು. ಕೈ ಪಳಗಿದಂತೆ ತೊಂದರೆ ಇಳಿಯುವುದು ನಿಜ. ಆದರೆ ಈ ವಾದ ಗೆಲ್ಲಿಸುವುದು ಕೈಯನ್ನು, ಯಂತ್ರವನ್ನಲ್ಲ. ನೋವಾದರೂ ಕಡಿಮೆಯಲ್ಲವೇ ಎನ್ನುವುದು ಎರಡನೆಯದು. ಡಯಾಥರ್ಮಿಗೆ ಹೋಲಿಸಿದರೆ ಕೋಬ್ಲೇಷನ್‌ನಲ್ಲಿ ಮೊದಮೊದಲ ದಿನ ನೋವು ತುಸು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ, ಆ ಅಂತರ ದೊಡ್ಡದಲ್ಲ. ಯಂತ್ರ ನಿಜಕ್ಕೂ ಉಪಕಾರಿಯಾಗುವುದು ಗೊರಕೆಯ ಚಿಕ್ಕ ಮಕ್ಕಳಲ್ಲಿ ಪೊರೆಯನ್ನು ಉಳಿಸಿ ಒಳಗಿನ ಭಾಗವನ್ನಷ್ಟೇ ತೆಗೆಯುವಾಗ. ಅಲ್ಲಿ ನೋವೂ ರಕ್ತಸ್ರಾವವೂ ಕಡಿಮೆ. ಉಳಿದ ತುಣುಕು ಮತ್ತೆ ಬೆಳೆಯುವ ಸಾಧ್ಯತೆ ಮಾತ್ರ ಇರುತ್ತದೆ. ಹೀಗಾಗಿ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಇವು: ನೀವು ದಿನನಿತ್ಯ ಕೈಯಾಡಿಸುವ ವಿಧಾನ ಯಾವುದು? ಪೂರ್ತಿ ತೆಗೆಯುತ್ತೀರೋ, ಒಳಭಾಗವನ್ನಷ್ಟೇ ತೆಗೆಯುತ್ತೀರೋ? ಕೋಬ್ಲೇಷನ್ ಆದರೆ ಅದರ ಕಡ್ಡಿ ಹೊಸದೇ? (ಒಬ್ಬರಿಗೆ ಒಮ್ಮೆ ಬಳಸಲೆಂದೇ ಅದನ್ನು ತಯಾರಿಸುವುದು. ಬಿಲ್ಲಿಗೆ ಅದರ ಬೆಲೆ ಸೇರಿದ್ದರೆ ಕೇಳುವ ಹಕ್ಕು ನಿಮಗಿದೆ.)

ಇನ್ನು ಜನ ಅತಿ ಹೆಚ್ಚು ಎಡವುವ ಜಾಗ. ರಕ್ತಸ್ರಾವ ಎರಡು ಬಗೆ. ಮೊದಲ 24 ಗಂಟೆಯೊಳಗಿನದನ್ನು ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ. ಎರಡನೆಯದು ಸಾಮಾನ್ಯವಾಗಿ 5ರಿಂದ 10ನೇ ದಿನದೊಳಗೆ ಬರುತ್ತದೆ. ಗಾಯದ ಮೇಲೆ ಕಟ್ಟಿದ ಬಿಳಿ ಪೊರೆ ಕಳಚುವ ಹೊತ್ತದು. (ಆ ಬಿಳಿ ಪೊರೆ ಕೀವಲ್ಲ, ಕೆರೆಯಬೇಡಿ.) ಅಷ್ಟರಲ್ಲಿ ಮಗು ಆಡಲು ಶುರುಮಾಡಿರುತ್ತದೆ, ನೋಡಲು ಬಂದ ನೆಂಟರು ವಾಪಸಾಗಿರುತ್ತಾರೆ, ಅಪ್ಪ ಹೊಲಕ್ಕೆ ಹೋಗಿರುತ್ತಾನೆ. ರಕ್ತ ಬಾಯಿಂದ ಹೊರಗೆ ಬಂದರೆ ಯಾರಿಗಾದರೂ ಕಾಣುತ್ತದೆ. ಮಲಗಿದ ಮಗು ಅದನ್ನು ನುಂಗುತ್ತಲೇ ಹೋಗುತ್ತದೆ. ನಿದ್ದೆಯಲ್ಲಿ ಮತ್ತೆ ಮತ್ತೆ ಗುಟುಕರಿಸುವುದು, ಮುಖ ಬಿಳಿಚುವುದು, ನಾಡಿ ಓಡುವುದು, ಕಾಫಿಪುಡಿಯಂಥ ಕಪ್ಪು ವಾಂತಿ ಇವೆಲ್ಲ ಒಳಗೆ ರಕ್ತ ಹೋಗುತ್ತಿರುವ ಗುರುತು. 15 ಕಿಲೋ ತೂಕದ ಮಗುವಿನ ಮೈಯಲ್ಲಿ ಇರುವ ಒಟ್ಟು ರಕ್ತವೇ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ದೊಡ್ಡವರ ಲೆಕ್ಕದಲ್ಲಿ ‘ಒಂದಿಷ್ಟು’ ಎನ್ನುವುದು ಆ ಮಗುವಿಗೆ ಬಹಳ. ಮೊದಲು ಬಂದ ನಾಲ್ಕು ಹನಿ ತಾನಾಗಿ ನಿಂತರೂ ಬೆಳಗಾಗಲಿ ಎಂದು ಕಾಯಬೇಡಿ, ಎಷ್ಟೋ ಸಲ ಅದು ದೊಡ್ಡ ಸ್ರಾವದ ಮುನ್ಸೂಚನೆ. ಮಗುವನ್ನು ಮುಂದೆ ಬಾಗಿಸಿ ಕೂರಿಸಿ, ನುಂಗದೆ ಬಟ್ಟಲಿಗೆ ಉಗುಳಲು ಹೇಳಿ, ತಿನ್ನಲು ಕುಡಿಯಲು ಏನೂ ಕೊಡದೆ ಹೊರಡಿ, ಅರಿವಳಿಕೆ ಮತ್ತೆ ಬೇಕಾಗಬಹುದು. ಅರಿಸಿನ, ಹತ್ತಿ, ಬೆರಳು ಯಾವುದನ್ನೂ ಗಂಟಲಿಗೆ ಹಾಕಬೇಡಿ.

ಆದ್ದರಿಂದ ಆಪರೇಷನ್ ದಿನಾಂಕ ಗೊತ್ತುಮಾಡುವಾಗ ಆ ದಿನದ ಮುಹೂರ್ತಕ್ಕಿಂತ 5ರಿಂದ 10ನೇ ದಿನ ಎಲ್ಲಿರುತ್ತೀರಿ ಎಂಬುದು ಮುಖ್ಯ. ಜುಲೈ–ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿದರೆ ಕಲ್ಲೋಳ–ಯಡೂರಿನಂಥ ತಗ್ಗು ಸೇತುವೆಗಳು ಮುಳುಗುತ್ತವೆ. ಹತ್ತಿರದ ಆಸ್ಪತ್ರೆ ಅಂದು ಹತ್ತಿರದ್ದಾಗಿ ಉಳಿಯುವುದಿಲ್ಲ. ಕಬ್ಬು ನುರಿಸುವ ತಿಂಗಳುಗಳಲ್ಲಿ ರಾತ್ರಿಯ ರಸ್ತೆ ಟ್ರ್ಯಾಕ್ಟರುಗಳ ಪಾಲು. ಆಪರೇಷನ್ ಮಾಡಿದ ಊರಿನಲ್ಲಿ ನೆಂಟರಿದ್ದರೆ ಹತ್ತು ದಿನ ಅಲ್ಲೇ ಉಳಿಯಿರಿ. ಇಲ್ಲವಾದರೆ ನಿಮ್ಮೂರಿನಿಂದ ಒಂದು ಗಂಟೆಯೊಳಗೆ ಸಿಗುವ, ರಾತ್ರಿಯೂ ಕಿವಿ–ಮೂಗು–ಗಂಟಲಿನ ವೈದ್ಯರು, ಅರಿವಳಿಕೆಯವರು ಮತ್ತು ರಕ್ತ ಮೂರೂ ಸಿಗುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿಡಿ. ಹಾಗೆ ಸಿಗುವ ಕಡೆ ಬರೀ ಕತ್ತರಿ–ದಾರದ ವಿಧಾನವೇ ಇದ್ದರೂ, ದೂರದ ಯಂತ್ರಕ್ಕಿಂತ ಅದೇ ಮೇಲು.

ಉಳಿದದ್ದು ಚಿಕ್ಕದಾಗಿ. ನೋವಿಗೆ ಪ್ಯಾರಸಿಟಮಾಲ್ ತೂಕಕ್ಕೆ ತಕ್ಕಂತೆ, ಹೊತ್ತಿಗೆ ಸರಿಯಾಗಿ. ಆಸ್ಪಿರಿನ್ ಬೇಡ. ಕೊಡೀನ್ ಇರುವ ಔಷಧಿ ಮಕ್ಕಳಿಗೆ ಬೇಡವೇ ಬೇಡ. ಕಿವಿನೋವು ಬಂದರೆ ಗಾಬರಿ ಬೇಡ, ಅದು ಗಂಟಲಿನ ನೋವೇ ನರದ ಮೂಲಕ ಕಿವಿಗೆ ಹಾಯುವುದು. ಐಸ್‌ಕ್ರೀಮೇ ಆಗಬೇಕೆಂದಿಲ್ಲ, ಮಜ್ಜಿಗೆ, ಗಂಜಿ, ಆರಿದ ನುಚ್ಚು ಏನಾದರೂ ಆದೀತು, ಕುಡಿಯುವುದು ನಿಲ್ಲಬಾರದು. ಶಾಲೆಗೆ ಎರಡು ವಾರ ರಜೆ. ಆಸ್ಪತ್ರೆ ಬಿಡುವ ಮುನ್ನ, ರಾತ್ರಿ ಎರಡಕ್ಕೂ ಎತ್ತುವ ಫೋನ್ ನಂಬರೊಂದನ್ನು ಡಿಸ್ಚಾರ್ಜ್ ಕಾರ್ಡಿನ ಹಿಂದೆ ವೈದ್ಯರ ಕೈಯಲ್ಲೇ ಬರೆಸಿಕೊಳ್ಳಿ.