ಮಕ್ಕಳ ವಾರ್ಡಿಗೆ ಹೋಗುವ ಮುನ್ನ

ಪ್ರಶ್ನೆ: ಆರ್‌ಪಿಸಿ ಲೇಔಟ್‌ನ ಎಂಬಿಬಿಎಸ್ ವಿದ್ಯಾರ್ಥಿನಿ. ಮುಂದಿನ ವಾರ ವಾಣಿವಿಲಾಸ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಪೋಸ್ಟಿಂಗ್. ಅಳುವ ಮಗುವನ್ನು ಪರೀಕ್ಷಿಸುವುದು ಹೇಗೆ?

ಉತ್ತರ: ಮಗು ತಾಯಿಯ ಮಡಿಲಲ್ಲೇ ಇರಲಿ. ಅದು ಸುಮ್ಮನಾದಾಗ, ಮುಟ್ಟುವ ಮೊದಲೇ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗೆ 60, ವರ್ಷದೊಳಗೆ 50, 5 ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಆಮೇಲೆ ಸ್ಟೆತಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಎದೆ ಪರೀಕ್ಷಿಸಿ. ಗಂಟಲು, ಕಿವಿ ಕೊನೆಗೆ. ಅತ್ತರೆ ನಿಲ್ಲಿಸಿ, ತಾಯಿಯನ್ನು ಮಾತನಾಡಿಸಿ: ಹೆರಿಗೆ, ಎದೆಹಾಲು, ತಾಯಿ ಕಾರ್ಡಿನಲ್ಲಿರುವ ಲಸಿಕೆಗಳು. ಬಹಳಷ್ಟು ಸಲ ರೋಗದ ಸುಳಿವು ಸಿಗುವುದು ಇಲ್ಲೇ.

ಈ ವಾರ ಘೈ ಅವರ ಮಕ್ಕಳ ವೈದ್ಯಶಾಸ್ತ್ರದ ಪುಸ್ತಕದಲ್ಲಿ ಬೆಳವಣಿಗೆ, ಲಸಿಕೆಯ ಅಧ್ಯಾಯಗಳಷ್ಟೇ ಓದಿ. ನಿಮ್ಮ ಹೆಪಟೈಟಿಸ್ ಬಿ, ಚಿಕನ್‌ಪಾಕ್ಸ್ ಲಸಿಕೆಗಳ ಬಗ್ಗೆ ವೈದ್ಯರನ್ನು ಕಾಣಿ. ಜ್ವರವಿದ್ದ ದಿನ ವಾರ್ಡಿಗೆ ಹೋಗಬೇಡಿ. ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಉಸಿರೆಳೆದಾಗ ಪಕ್ಕೆ ಒಳಸೇರುತ್ತಿದ್ದರೆ, ಪರೀಕ್ಷೆ ಬಿಟ್ಟು ತಕ್ಷಣ ಡ್ಯೂಟಿ ಡಾಕ್ಟರನ್ನು ಕರೆಯಿರಿ.