ಅಂತರ್ಜಾಲಕ್ಕೆ ಜೋಡಿಸಿದ ಉಪಕರಣಗಳು: ಭದ್ರತೆಯ ಪ್ರಶ್ನೆ

ಮನೆ, ಅಂಗಡಿ, ವಿದ್ಯಾಲಯಗಳ ಗೋಡೆಯ ಮೇಲೆ ಇಂದು ಕಾಣಬರುವ ಕಾವಲು ಕ್ಯಾಮೆರಾ ಹೊರನೋಟಕ್ಕೆ ಒಂದು ಕಣ್ಣು ಮಾತ್ರ. ಒಳಗೆ ಅದೊಂದು ಪುಟ್ಟ ಗಣಕಯಂತ್ರವೇ ಸರಿ. ಈ ಸಂಗತಿಯನ್ನು ಮರೆತುದರ ಫಲವನ್ನು ಜಗತ್ತು 2016ರಲ್ಲಿ ಕಂಡಿತು.

ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ 'ಡಿನ್' ಎಂಬ ಸಂಸ್ಥೆಯ ಮೇಲೆ ಹುಸಿ ಕೋರಿಕೆಗಳ ಮಹಾಪೂರ ನುಗ್ಗಿತು. ಜಾಲತಾಣದ ಹೆಸರನ್ನು ಕೇಳಿದೊಡನೆ ಅದರ ಅಂಕೆಯ ವಿಳಾಸವನ್ನು ತಿಳಿಸುವುದು ಆ ಸಂಸ್ಥೆಯ ಕಾರ್ಯ. ಅದು ತತ್ತರಿಸಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು, ತಾವು ಸುಸ್ಥಿತಿಯಲ್ಲಿದ್ದರೂ, ಅಸಂಖ್ಯ ಜನರಿಗೆ ಗಂಟೆಗಟ್ಟಲೆ ದೊರೆಯದಾದವು. ಪೂರದ ಮೂಲ ಬಹುಮಟ್ಟಿಗೆ ಕ್ಯಾಮೆರಾಗಳು, ದೃಶ್ಯಮುದ್ರಣದ ಪೆಟ್ಟಿಗೆಗಳು, ಮನೆಯ ರೌಟರುಗಳು.

ಇವನ್ನು ವಶಪಡಿಸಿಕೊಂಡ ದುಷ್ಟ ತಂತ್ರಾಂಶದ ಹೆಸರು 'ಮಿರಾಯ್'. ಅದರ ವಿಧಾನದಲ್ಲಿ ಪಾಂಡಿತ್ಯವೇನೂ ಇರಲಿಲ್ಲ. ಕಾರ್ಖಾನೆಯವರು ಬರೆದಿಟ್ಟ, ಕೊಂಡವರು ಎಂದೂ ಬದಲಿಸದ ಹೆಸರು ಮತ್ತು ಪಾಸ್‌ವರ್ಡ್‌ಗಳ ಸುಮಾರು 60 ಜೋಡಿಗಳ ಪಟ್ಟಿಯೇ ಅದರ ಬಂಡವಾಳ. 'ಅಡ್ಮಿನ್' ಎಂಬ ಹೆಸರಿಗೆ 'ಅಡ್ಮಿನ್' ಎಂಬುದೇ ಪಾಸ್‌ವರ್ಡ್! ಬೀಗಕ್ಕೇ ಕೀಲಿಯನ್ನು ತೂಗುಹಾಕಿದಂತೆ. ಉತ್ತುಂಗದಲ್ಲಿ ಸುಮಾರು 6 ಲಕ್ಷ ಉಪಕರಣಗಳು ಅದರ ಅಧೀನವಾಗಿದ್ದುವೆಂದು ಸಂಶೋಧಕರು ಗಣಿಸಿದ್ದಾರೆ. ಅದನ್ನು ರಚಿಸಿದ ಮೂವರು ಅಮೆರಿಕನ್ ತರುಣರು 2017ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ಅದರ ಮೂಲಲಿಪಿ ಬಹಿರಂಗವಾಗಿ ಅನೇಕರ ಕೈಸೇರಿತ್ತು.

ಇಲ್ಲಿ ವಿಚಾರಾರ್ಹವಾದ ಅಂಶವೊಂದುಂಟು. ಕ್ಯಾಮೆರಾದ ಒಡೆಯನಿಗೆ ಯಾವ ಹಾನಿಯೂ ಗೋಚರಿಸಲಿಲ್ಲ. ಚಿತ್ರ ಎಂದಿನಂತೆಯೇ ಮೂಡುತ್ತಿತ್ತು; ಹೆಚ್ಚೆಂದರೆ ಸಂಪರ್ಕ ಕೊಂಚ ಮಂದವಾಗಿದ್ದಿರಬಹುದು. ನಷ್ಟವೆಲ್ಲ ದೂರದ ಅಪರಿಚಿತರದು. ಆದುದರಿಂದ ಒಡೆಯನಿಗೆ ಎಚ್ಚರವಿಲ್ಲ, ತಯಾರಕನಿಗೆ ಒತ್ತಾಯವಿಲ್ಲ. ಅಗ್ಗದ ಚಿಪ್ಪಿನ ಅಲ್ಪ ಶಕ್ತಿಯಲ್ಲಿ ಗೂಢಲಿಪಿಗೂ ತಂತ್ರಾಂಶದ ನವೀಕರಣಕ್ಕೂ ಎಡೆ ಕಡಿಮೆಯೆಂಬುದು ನಿಜ. ಆದರೆ ಪಾಸ್‌ವರ್ಡ್ ಬದಲಿಸಲು ಆ ನೆಪ ಸಲ್ಲದು. ಮಿರಾಯ್ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ನೆಲೆಸುತ್ತಿದ್ದುದರಿಂದ ಯಂತ್ರವನ್ನು ಆರಿಸಿದರೆ ಅಳಿಯುತ್ತಿತ್ತು. ಪಾಸ್‌ವರ್ಡ್ ಹಳೆಯದೇ ಆಗಿದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿ ಹೊಕ್ಕುತ್ತಿತ್ತು.

ಖಾಸಗಿತನ ಕೆಡಲು ಕಳ್ಳನೂ ಬೇಕಿಲ್ಲ. ಕೈಪಟ್ಟಿ, ಮೊಬೈಲುಗಳಿಂದ ಬಳಕೆದಾರರ ಓಟದ ಹಾದಿಗಳನ್ನು ಸಂಗ್ರಹಿಸಿ 'ಸ್ಟ್ರಾವಾ' ಸಂಸ್ಥೆ ಪ್ರಕಟಿಸಿದ ಭೂಪಟದಲ್ಲಿ ದೂರದ ಸೇನಾನೆಲೆಗಳ ರೂಪುರೇಖೆಗಳೇ ಬೆಳಗುತ್ತಿದ್ದುದು 2018ರ ಜನವರಿಯಲ್ಲಿ ಬೆಳಕಿಗೆ ಬಂತು.

ಎಲ್ಲ ಉಪಕರಣಗಳಿಗೂ ಒಂದೇ ಪಾಸ್‌ವರ್ಡ್ ಇಡುವುದನ್ನು ತಡೆಯುವ ಕ್ಯಾಲಿಫೋರ್ನಿಯದ ಕಾನೂನು 2020ರಲ್ಲಿಯೂ ಬ್ರಿಟನ್ನಿನದು 2024ರ ಏಪ್ರಿಲ್ 29ರಂದೂ ಜಾರಿಗೆ ಬಂದವು. ಅವು ಮಾರಾಟಕ್ಕೆ ಬರುವ ಸರಕಿಗೆ ಅನ್ವಯಿಸುತ್ತವೆ. ಹಿಂದೆಯೇ ಗೋಡೆಯೇರಿದವುಗಳ ಹೊಣೆ ಒಡೆಯರದೇ. ಪಾಸ್‌ವರ್ಡ್ ಬದಲಿಸಲು ಅವಕಾಶವೇ ಇಲ್ಲದಂತೆ ತಯಾರಾದ ಕೆಲವನ್ನು ಜಾಲದಿಂದ ಕಳಚಿಡುವುದಲ್ಲದೆ ಬೇರೆ ಮಾರ್ಗವಿಲ್ಲ.