ಮೊದಲು ನೀರು, ಆಮೇಲೆ ಬಣ್ಣ: ಹಳೆಯ ಕಾರು ಕಲಿಸಿದ ಪಾಠ

ತುಕ್ಕು ಹೇಗೆ ಹಿಡಿಯುತ್ತದೆ ಎಂದು ನಾವೆಲ್ಲ ಹತ್ತನೇ ತರಗತಿಯಲ್ಲೇ ಓದಿದ್ದೇವೆ. ಮೂರು ಪ್ರನಾಳಗಳಲ್ಲಿ ಕಬ್ಬಿಣದ ಮೊಳೆಗಳು. ಒಂದರಲ್ಲಿ ನೀರು ಮತ್ತು ಗಾಳಿ. ಇನ್ನೊಂದರಲ್ಲಿ ಕುದಿಸಿದ ನೀರು, ಅದರ ಮೇಲೆ ಎಣ್ಣೆ. ಮೂರನೆಯದರಲ್ಲಿ ಒಣಗಾಳಿ ಮಾತ್ರ. ನೀರು, ಗಾಳಿ ಎರಡೂ ಇರುವ ಮೊದಲ ಪ್ರನಾಳದ ಮೊಳೆಗಳಿಗೆ ಮಾತ್ರ ತುಕ್ಕು. ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಆದರೆ ಉತ್ತರ ನಿಜವಾಗಿ ಅರ್ಥವಾದದ್ದು ಈ ವರ್ಷ, ನಮ್ಮ ದಾದಾರ ಕಾರಿನ ನೆಲದಲ್ಲಿ ತೂತು ಬಿದ್ದಾಗ.

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಮೂಲದಲ್ಲಿ ಇದು ಇಟಲಿಯ ಫಿಯೆಟ್ 1100. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ತಯಾರಿಸುತ್ತಿತ್ತು. ಲಾರಿಗೆ ಕೆಳಗೆ ಬೇರೆ ಚಾಸಿಸ್ ಇರುತ್ತದೆ, ಪದ್ಮಿನಿಗೆ ಅದಿಲ್ಲ. ನೆಲದ ತಗಡು, ಬಾಗಿಲುಗಳ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ಭಾಗ, ಕಂಬಗಳು, ಚಾವಣಿ ಎಲ್ಲ ಸೇರಿಯೇ ಭಾರ ಹೊರುತ್ತವೆ. ಹಾಗಾಗಿ ನೆಲಕ್ಕೆ ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಲ್ಲ, ಒಳಗೆ ಕೂತವರ ಜೀವದ ಪ್ರಶ್ನೆ.

ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಶೆಡ್ ಇಲ್ಲ. ಕಾರು ಮಳೆಯಲ್ಲೇ ನಿಲ್ಲುತ್ತದೆ. ಎರಡು ವರ್ಷದ ಹಿಂದೆ ಅಕ್ಕನ ಮದುವೆಗೆ ಮುಂಚೆ ಒಂದು ಗ್ಯಾರೇಜಿನಲ್ಲಿ ತೂತುಗಳಿಗೆ ಪುಟ್ಟಿ ತುಂಬಿ ಬಣ್ಣ ಹೊಡೆಸಿದ್ದೆವು. ಒಂದೇ ಮಳೆಗಾಲ. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು. ಈ ಸಲ ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಕಾಣುತ್ತಿತ್ತು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಗಾಡಿಯನ್ನು ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ನಮ್ಮ ಸರದಿ 2026ರಲ್ಲಿ. ಅಬ್ಬಾ ಗುಜರಿಗೆ ಹಾಕೋಣ ಎಂದರು. ದಾದಾ ಏನೂ ಹೇಳಲಿಲ್ಲ, ಎದ್ದು ಅಸರ್ ನಮಾಜ್‌ಗೆ ಹೋದರು.

ಕೊನೆಯ ಪ್ರಯತ್ನವೆಂದು ಒಬ್ಬ ವಯಸ್ಸಾದ ಟಿಂಕರ್ ಉಸ್ತಾದ್ ಹತ್ತಿರ ಹೋದೆವು. ಅವರು ತೂತನ್ನು ಸರಿಯಾಗಿ ನೋಡಲೂ ಇಲ್ಲ. "ಪೈಲೆ ಪಾನಿ ದೇಖೋ, ಬಾದ್ ಮೇ ಪೇಂಟ್" ಎಂದರು. ಮೊದಲು ನೀರು ನೋಡು, ಬಣ್ಣ ಆಮೇಲೆ. ಅಂದು ಅವರಿಂದ ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸೋರಿಕೆ ಹುಡುಕುವುದು

ನೀರು ನಿಲ್ಲುವ ಜಾಗ ಬೇರೆ, ನುಗ್ಗುವ ಜಾಗ ಬೇರೆ. ಮ್ಯಾಟ್ ತೆಗೆದು ನೆಲ ಒಣಗಿಸಿ ಹಳೆಯ ಪತ್ರಿಕೆ ಹಾಸಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿಗೆ ಬಿಟ್ಟರೆ ಎಲ್ಲ ಕಡೆ ನೀರು ಹರಿದು ಯಾವ ಸಂದಿನಿಂದ ಒಳಬಂತೆಂದು ತಿಳಿಯುವುದಿಲ್ಲ. ಒಳಗೆ ಕೂತವನು ನಾನು. ಬಾಗಿಲಿಗೆ ನೀರು ಬಿಟ್ಟಾಗ ಏನೂ ಆಗಲಿಲ್ಲ. ಮುಂದಿನ ಗಾಜಿನ ಮೂಲೆಗೆ ಬಿಟ್ಟಾಗ ಡ್ಯಾಶ್‌ಬೋರ್ಡಿನ ಹಿಂದಿನಿಂದ ಒಂದು ಎಳೆ ನೀರು ಇಳಿದು ನನ್ನ ಕಾಲ ಹತ್ತಿರದ ಪತ್ರಿಕೆ ಒದ್ದೆಯಾಯಿತು. ಗಾಜಿನ ರಬ್ಬರ್ ಬೀಡಿಂಗ್ ಬಿರುಕು ಬಿಟ್ಟಿತ್ತು. ನಾವು ನೆಲವನ್ನು ಎರಡು ಸಲ ರಿಪೇರಿ ಮಾಡಿಸಿದ್ದೆವು, ಗಾಜಿನ ಕಡೆ ಒಮ್ಮೆಯೂ ನೋಡಿರಲಿಲ್ಲ.

ಬಾಗಿಲು, ಡಿಕ್ಕಿಗಳ ರಬ್ಬರಿಗೆ ಇನ್ನೊಂದು ಪರೀಕ್ಷೆ ಇದೆ. ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಸರಿಯಾಗಿ ಒತ್ತುತ್ತಿಲ್ಲ. ಬಾಗಿಲಿನ ತಳದ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಕಿಟಕಿಯಿಂದ ಇಳಿದ ನೀರು ಹೊರಹೋಗುವ ದಾರಿ ಅದೇ.

ಹೊಸ ಬೀಡಿಂಗ್ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಅದನ್ನು ಗಾಜಿನ ಸುತ್ತ ಕೂರಿಸಿ, ಅಂಚಿನ ಸಂದಿನಲ್ಲಿ ದಾರ ಸುತ್ತಿ, ಗಾಜನ್ನು ಹೊರಗಿನಿಂದ ಒತ್ತುತ್ತಾ ದಾರವನ್ನು ಒಳಗಿನಿಂದ ಎಳೆದರೆ ರಬ್ಬರಿನ ತುಟಿ ತಗಡಿನ ಅಂಚನ್ನು ಕಚ್ಚುತ್ತದೆ.

ತುಕ್ಕು ತೆಗೆಯುವುದು

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬಣ್ಣ ಉಬ್ಬುವುದು. ತುಕ್ಕಿನ ಪದರ ಸಡಿಲವಾದ್ದರಿಂದ ನೀರು, ಗಾಳಿ ಅದನ್ನು ದಾಟಿ ಒಳಗಿನ ಲೋಹವನ್ನೂ ತಿನ್ನುತ್ತವೆ. ತಂತಿ ಬ್ರಷ್, ಎಮರಿ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಅದೇ ದಿನ ಪ್ರೈಮರ್ ಹಚ್ಚಬೇಕು, ರಾತ್ರಿಯ ತೇವಕ್ಕೆ ಬಿಡಬಾರದು. ತೂತಿದ್ದರೆ ಕೊಳೆತ ತಗಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ಪುಟ್ಟಿ ನೀರು ಹೀರುತ್ತದೆ, ಬಲ ಕೊಡುವುದಿಲ್ಲ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿ, ಸೀಟು, ಮ್ಯಾಟ್ ತೆಗೆಯಬೇಕು. ಪೆಟ್ರೋಲ್ ಟ್ಯಾಂಕ್ ಹತ್ತಿರವಿದ್ದರೆ ಅದನ್ನೂ ಇಳಿಸಬೇಕು. ಬೆಂಕಿಯ ಶಾಖಕ್ಕೆ ತಗಡಿನ ಹಿಂಬದಿಯ ಬಣ್ಣವೂ ಸುಡುತ್ತದೆ. ಆದ್ದರಿಂದ ಎರಡೂ ಕಡೆ ಪ್ರೈಮರ್, ಬಣ್ಣ, ಕೆಳಗಡೆ ಅಂಡರ್‌ಕೋಟಿಂಗ್ ಬೇಕು.

ಮುಂದೆ ಕಾಪಾಡುವುದು

ಒದ್ದೆ ಮ್ಯಾಟನ್ನು ಬಿಸಿಲಿಗೆ ಹಾಕಬೇಕು. ಪ್ಲಾಸ್ಟಿಕ್ ಟಾರ್ಪಾಲು ಬಿಗಿದರೆ ತೇವ ಒಳಗೇ ಉಳಿಯುತ್ತದೆ, ಗಾಳಿಯಾಡುವ ಬಟ್ಟೆಯ ಕವರ್ ವಾಸಿ. ಪ್ರತಿ ದೊಡ್ಡ ಮಳೆಯ ಮರುದಿನ ನೆಲ ಮುಟ್ಟಿ ನೋಡಬೇಕು.

ವಾಣಿಜ್ಯ ವಿದ್ಯಾರ್ಥಿಯಾಗಿ ಒಂದು ಮಾತು. ಬಳಕೆ ಮತ್ತು ಕಾಲದಿಂದ ಆಸ್ತಿಯ ಬೆಲೆ ಇಳಿಯುವುದನ್ನು ಸವಕಳಿ ಎನ್ನುತ್ತೇವೆ. ನಮ್ಮ ಕಾರು ಹಾಳಾದದ್ದು ವಯಸ್ಸಿನಿಂದ ಎಂದೇ ನಾನೂ ತಿಳಿದಿದ್ದೆ. ಆದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ನಮ್ಮ ಪದ್ಮಿನಿಗಿಂತ ಎಷ್ಟೋ ಹಳೆಯ ಕಾರುಗಳಿವೆ. ಕಾಲ ಅವಕ್ಕೂ ಅಷ್ಟೇ ಆಗಿದೆ, ಮಳೆ ಮಾತ್ರ ತಾಗುತ್ತಿಲ್ಲ. ಮದುವೆಗೆ ಹೊಡೆಸಿದ ಬಣ್ಣವನ್ನು ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ರಿಪೇರಿ ಎಂದು ಬರೆದಿದ್ದೆ. ಅದು ರಿಪೇರಿಯಲ್ಲ, ನಷ್ಟವನ್ನು ಮುಚ್ಚಿಟ್ಟದ್ದು. ಮುಚ್ಚಿಟ್ಟ ನಷ್ಟ ಮುಂದಿನ ವರ್ಷ ಹೆಚ್ಚಾಗಿ ಬಂತು.

ಅಕ್ಟೋಬರ್ ಮಳೆಯ ಮರುದಿನ ಬೆಳಿಗ್ಗೆ ದಾದಾ ತಾವೇ ಬಾಗಿಲು ತೆಗೆದು ನೆಲದ ಪತ್ರಿಕೆ ಮುಟ್ಟಿದರು. ಒಣಗಿತ್ತು. "ಅಲ್‌ಹಮ್ದುಲಿಲ್ಲಾಹ್" ಎಂದು ಅದೇ ಪತ್ರಿಕೆಯನ್ನು ಎತ್ತಿಕೊಂಡು ಓದಲು ಕೂತರು. ಅಬ್ಬಾ ಗುಜರಿಯ ಮಾತು ಮತ್ತೆ ಎತ್ತಲಿಲ್ಲ. ನಿಮ್ಮ ಮನೆಯಲ್ಲೂ ಗೇಟು, ಸ್ಕೂಟರ್, ಬೀರು ಇರುತ್ತವೆ. ತುಕ್ಕು ಕಂಡರೆ ಬಣ್ಣ ತರಲು ಓಡಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ.